ಹಳೇ ಟೂಡೂಗಳನ್ನು ಒಟ್ಟಿಗೆ ಅಳಿಸಿಬಿಡಬಹುದಾ?

ಪ್ರಶ್ನೆ: ನಮ್ಮದು 2012ರಲ್ಲಿ ಶುರುವಾದ ಜಾವಾ ಪ್ರಾಜೆಕ್ಟ್. ಎಲ್ಲಿ ನೋಡಿದರೂ ಟೂಡೂ (ಮುಂದೆ ಮಾಡಬೇಕಾದ್ದು), ಫಿಕ್ಸ್‌ಮಿ (ಸರಿಪಡಿಸಬೇಕಾದ್ದು) ಅಂತ ಕೋಡ್‌ನಲ್ಲೇ ಬರೆದಿಟ್ಟ ಕಾಮೆಂಟ್‌ಗಳು. ಬರೆದವರು ಎಷ್ಟೋ ಜನ ಕೆಲಸ ಬಿಟ್ಟು ಹೋಗಿದ್ದಾರೆ. ಎಲ್ಲ ಅಳಿಸೋಣ ಅಂತ ಕೆಲವರು, ಪ್ರತಿಯೊಂದಕ್ಕೂ ಜೀರಾದಲ್ಲಿ (ಮಾಡಬೇಕಾದ ಕೆಲಸಗಳ ಪಟ್ಟಿ ಇಡುವ ಸಾಫ್ಟ್‌ವೇರ್) ಟಿಕೆಟ್ ಹಾಕೋಣ ಅಂತ ಇನ್ನು ಕೆಲವರು. ಯಾವುದು ಸರಿ?

ಉತ್ತರ: ಎರಡೂ ಬೇಡ. ಸಾರಾಸಗಟಾಗಿ ಟಿಕೆಟ್ ಹಾಕಿದರೆ ಕೋಡ್‌ನಲ್ಲಿದ್ದ ರಾಶಿ ಜೀರಾಗೆ ಹೋಗುತ್ತದೆ, ಅಷ್ಟೇ. ಅಲ್ಲಿ ಅದನ್ನು ಯಾರೂ ತೆರೆದೂ ನೋಡುವುದಿಲ್ಲ. ಅಳಿಸಿದರೆ ಆಗುವ ನಷ್ಟ ಇನ್ನೂ ಜಾಸ್ತಿ.

ನಿಮ್ಮ ಕೋಡ್‌ನಲ್ಲಿ ಇಂಥದ್ದೊಂದು ಇದ್ದೀತು: 'ಟೂಡೂ: ಜಾವಾ 8 ಬಂದ ಮೇಲೆ ಜೋಡಾ-ಟೈಮ್ ತೆಗೆಯಬೇಕು.' ಜೋಡಾ-ಟೈಮ್ ಅಂದರೆ ದಿನಾಂಕ, ಸಮಯದ ಲೆಕ್ಕಕ್ಕೆ ಹೊರಗಿಂದ ತಂದ ಲೈಬ್ರರಿ. ಜಾವಾ 8 ಬಂದದ್ದು 2014ರಲ್ಲಿ. ಅದರಲ್ಲೇ ದಿನಾಂಕ, ಸಮಯಕ್ಕೆ ಹೊಸ ಲೈಬ್ರರಿ ಇದೆ. ಅಂದರೆ ಈ ಕೆಲಸ ಈಗ ಮಾಡಬಹುದು. ಕಾಮೆಂಟ್ ಒಂದನ್ನೇ ಅಳಿಸಿದರೆ ಹಳೇ ಲೈಬ್ರರಿ ಅಲ್ಲೇ ಉಳಿಯುತ್ತದೆ, ಯಾಕಿದೆ ಅಂತ ಹೇಳುವವರು ಇರುವುದಿಲ್ಲ. ಇಂಥವನ್ನು ಮೊದಲು ಹುಡುಕಿ. 'ಒಂದೇ ಪೇಮೆಂಟ್ ಎರಡು ಸಲ ಹೋಗಬಹುದು' ಅನ್ನುವಂಥದ್ದು ಸಿಕ್ಕರೆ ಅವತ್ತೇ ಟಿಕೆಟ್ ಹಾಕಿ, ಅದನ್ನು ಮಾಡುವವರ ಹೆಸರು ಹಚ್ಚಿ. 'ಇದನ್ನು ಇನ್ನೂ ಚೆನ್ನಾಗಿ ಬರೆಯಬೇಕು' ಅನ್ನುವಂಥವನ್ನು ಧೈರ್ಯವಾಗಿ ತೆಗೆಯಿರಿ. ಕೋಡ್‌ನ ಹಳೇ ಆವೃತ್ತಿಗಳನ್ನೆಲ್ಲ ಇಟ್ಟುಕೊಳ್ಳುವ ಗಿಟ್‌ನಲ್ಲಿ ಹೇಗೂ ಉಳಿದಿರುತ್ತವೆ.

ಕಾಮೆಂಟ್ ಎಷ್ಟು ಹಳೆಯದು ಅಂತ ನೋಡಲು ಗಿಟ್ ಬ್ಲೇಮ್ (ಪ್ರತಿ ಸಾಲನ್ನು ಕೊನೆಯದಾಗಿ ಬದಲಿಸಿದವರನ್ನು ತೋರಿಸುವ ಕಮಾಂಡ್) ಒಂದನ್ನೇ ನಂಬಬೇಡಿ. ನಡುವೆ ಯಾರೋ ಇಡೀ ಕೋಡ್‌ಗೆ ಫಾರ್ಮ್ಯಾಟರ್ (ಸಾಲುಗಳ ಜೋಡಣೆ ತಿದ್ದುವ ಟೂಲ್) ಓಡಿಸಿದ್ದರೆ ಆ ಪುಣ್ಯಾತ್ಮರ ಹೆಸರೇ ಎಲ್ಲ ಕಡೆ ಬರುತ್ತದೆ. ಬದಲಾವಣೆಗಳ ಇತಿಹಾಸ ತೋರಿಸುವ ಗಿಟ್ ಲಾಗ್‌ಗೆ ದೊಡ್ಡ ಎಸ್ ಆಪ್ಷನ್ (-S) ಹಾಕಿ ಕಾಮೆಂಟ್‌ನ ಮಾತನ್ನೇ ಹುಡುಕಿ, ಅದನ್ನು ಮೊದಲು ಸೇರಿಸಿದ ಕಮಿಟ್ (ದಾಖಲಾದ ಬದಲಾವಣೆ) ಸಿಗುತ್ತದೆ.

ಎಲ್ಲವನ್ನೂ ಒಂದೇ ಸ್ಪ್ರಿಂಟ್‌ನಲ್ಲಿ (ಕೆಲವು ವಾರಗಳ ಕೆಲಸದ ಸುತ್ತು) ಮುಗಿಸಲು ಹೋಗಬೇಡಿ. ಯಾವ ಫೈಲ್ ಮುಟ್ಟುತ್ತೀರೋ ಅದರಲ್ಲಿರುವುದನ್ನು ಅವತ್ತು ನೋಡಿದರೆ ಸಾಕು.

ಹೊಸದಾಗಿ ಬರುವವಕ್ಕೆ ಮಾತ್ರ ಕಟ್ಟುನಿಟ್ಟು ಬೇಕು. ಕ್ರೋಮ್ ಬ್ರೌಸರ್‌ಗೆ ಮೂಲವಾದ ಕ್ರೋಮಿಯಂ ಕೋಡ್‌ನಲ್ಲಿ ಟೂಡೂ ಪಕ್ಕ ಬಗ್ ನಂಬರ್ ಬರೆಯುವ ರೂಢಿ ಇದೆ. ನೀವೂ ಟಿಕೆಟ್ ನಂಬರ್ ಕೇಳಿ, ಜೊತೆಗೆ 'ಏನಾದ ಮೇಲೆ ತೆಗೆಯಬಹುದು' ಅನ್ನುವುದನ್ನೂ ಬರೆಸಿ. ನನ್ನ ಪ್ರಕಾರ ನಂಬರ್‌ಗಿಂತ ಈ ಎರಡನೆಯದೇ ಮುಖ್ಯ. ಜೋಡಾ-ಟೈಮ್ ಕಾಮೆಂಟ್ ಇವತ್ತಿಗೂ ಅರ್ಥವಾಗುವುದು ಅದರಿಂದಲೇ ಅಲ್ವಾ? ಸಿಐನಲ್ಲಿ (ಕೋಡ್ ಸೇರಿದಾಗಲೆಲ್ಲ ತಾನೇ ಪರೀಕ್ಷಿಸುವ ವ್ಯವಸ್ಥೆ) ಇದಕ್ಕೆ ಚೆಕ್ ಹಾಕುವಾಗ ಆಯಾ ಪುಲ್ ರಿಕ್ವೆಸ್ಟ್‌ನಲ್ಲಿ (ಕೋಡ್‌ಗೆ ಸೇರಿಸಿ ಅಂತ ಕಳಿಸಿದ ಬದಲಾವಣೆ) ಸೇರಿದ ಸಾಲುಗಳನ್ನಷ್ಟೇ ನೋಡುವಂತೆ ಮಾಡಿ. ಇಡೀ ಕೋಡ್‌ಗೆ ಹಾಕಿದರೆ ಎಲ್ಲರ ಬಿಲ್ಡ್ ಫೇಲ್ ಆಗಿ, ವಾರದೊಳಗೆ ಆ ಚೆಕ್ಕನ್ನೇ ಯಾರಾದರೂ ತೆಗೆದುಹಾಕುತ್ತಾರೆ.