ತಿಂಗಳಿಗೆ 24 ಸಾವಿರ ದುಡಿಯುವ ಕುಟುಂಬಕ್ಕೆ ಕಾರವಾರದ ಕಡೆ ಸ್ವಂತ ಮನೆ ಆದೀತೇ?

ನೀವು ಕೇಳಿದ್ದು ಇಷ್ಟು: ಗಂಡ ಬೈತಖೋಲ್ ಬಂದರಿನಲ್ಲಿ ಬೋಟಿನ ಕೆಲಸಕ್ಕೆ ಹೋಗುತ್ತಾರೆ, ನೀವು ಮನೆಯಲ್ಲಿ ಹೊಲಿಗೆ ಮಾಡುತ್ತೀರಿ. ಮೀನುಗಾರಿಕೆ ನಡೆಯುವಾಗ ಅವರದು 16 ಸಾವಿರ, ನಿಮ್ಮದು 8 ಸಾವಿರ. ಬಾಡಿಗೆ 5 ಸಾವಿರ. ಸಂಘದ ಸಾಲದ ಕಂತು 2,600, ಇನ್ನೂ 14 ತಿಂಗಳು ಬಾಕಿ. ಮಾವನವರ ಹೆಸರಿನಲ್ಲಿ ಅಂಕೋಲಾ ಕಡೆ ಮೂರು ಗುಂಟೆ ಜಾಗ ಇದೆಯಂತೆ, ಕಾಗದ ನೋಡಿಲ್ಲ. ಇಷ್ಟರಲ್ಲಿ ಸ್ವಂತ ಮನೆ ಆದೀತೇ, ಎಲ್ಲಿಂದ ಶುರು ಮಾಡಬೇಕು?

ಆದೀತು. ಐದಾರು ವರ್ಷ ಹಿಡಿದೀತು, ಆದರೂ ಆದೀತು. ನಾನು ಕುಮಟಾದ ಒಂದು ಸಹಕಾರಿ ಸಂಘದ ಸಾಲ ವಿಭಾಗದಲ್ಲಿ ಬಹಳ ಕಾಲ ಕೆಲಸ ಮಾಡಿದವಳು. ಈಗ ಸುತ್ತಲಿನ ಸ್ವಸಹಾಯ ಸಂಘಗಳ ಮಹಿಳೆಯರಿಗೆ ಮನೆ ಲೆಕ್ಕ ಬರೆಯುವುದನ್ನು, ಸಾಲದ ಕಾಗದ ಓದುವುದನ್ನು ಹೇಳಿಕೊಡುತ್ತೇನೆ. ನಿಮಗಿಂತ ಕಡಿಮೆ ಆದಾಯದವರು ಮನೆ ಕಟ್ಟಿಕೊಂಡಿದ್ದನ್ನು ಕಂಡಿದ್ದೇನೆ, ನಿಮಗಿಂತ ಹೆಚ್ಚು ದುಡಿಯುವವರು ಗೋಡೆ ಎಬ್ಬಿಸಿ ಮಾಡು ಹಾಕಲಾಗದೆ ಕೈಚೆಲ್ಲಿದ್ದನ್ನೂ ಕಂಡಿದ್ದೇನೆ. ಸಾಲ ತೆಗೆಯುವ ಮೊದಲೇ ಆ ಸಾಲದ ಕಂತನ್ನು ತಮಗೆ ತಾವೇ ಕಟ್ಟಿ ನೋಡಿದ ಕುಟುಂಬಗಳು ದಡ ಸೇರಿವೆ. ನಾನು ಹೇಳಬೇಕಾದದ್ದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಮೊದಲು ನಿಮ್ಮ ಆದಾಯವನ್ನೇ ಸರಿಯಾಗಿ ನೋಡೋಣ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ನಿಮ್ಮ ಮನೆಗೆ ಬರುವುದು ನಿಮ್ಮ ಹೊಲಿಗೆಯ ಹಣ ಮಾತ್ರ. ಹತ್ತು ತಿಂಗಳು 24 ಸಾವಿರದಂತೆ, ಎರಡು ತಿಂಗಳು 8 ಸಾವಿರದಂತೆ ಕೂಡಿಸಿದರೆ ವರ್ಷಕ್ಕೆ 2 ಲಕ್ಷ 56 ಸಾವಿರ. ಹನ್ನೆರಡರಿಂದ ಭಾಗಿಸಿ: ತಿಂಗಳಿಗೆ 21,300 ರೂಪಾಯಿ. ನಿಮ್ಮ ಸಂಸಾರ ನಡೆಯಬೇಕಾದದ್ದು ಈ 21,300ರಲ್ಲಿ. 24 ಸಾವಿರ ಬರುತ್ತದೆ ಎಂದುಕೊಂಡು ಖರ್ಚು ಮಾಡುವ ಮನೆಗಳು ಜೂನ್ ಬಂದ ಕೂಡಲೇ ಸಾಲಕ್ಕೆ ಬೀಳುತ್ತವೆ. ಮಕ್ಕಳ ಶಾಲೆ ಶುರುವಾಗುವುದೂ ಆಗಲೇ, ಮಾಡಿನ ಮೇಲೆ ತಾಡಪತ್ರೆ ಹೊದಿಸಬೇಕಾದದ್ದೂ ಆಗಲೇ. ಅದು ಮುಗಿಯುವಷ್ಟರಲ್ಲಿ ಚೌತಿ. ನಮ್ಮ ಕಡೆ ಚೌತಿಗೆ ಕೈ ಬಿಗಿ ಹಿಡಿಯಿರಿ ಎಂದರೆ ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಅದಕ್ಕೆ ಬೇಕಾದ ಹಣ ಮೊದಲೇ ಪಕ್ಕಕ್ಕಿರಲಿ ಎನ್ನುತ್ತೇನೆ, ಅಷ್ಟೇ.

ಆದ್ದರಿಂದ ಮೊದಲ ಉಳಿತಾಯ ಮನೆಗಾಗಿ ಬೇಡ, ಮಳೆಗಾಲಕ್ಕಾಗಿ ಇರಲಿ. ಆಗಸ್ಟಿನಿಂದ ಮೇ ತನಕ ತಿಂಗಳಿಗೆ 2,700 ರೂಪಾಯಿ ಬೇರೆ ಖಾತೆಯಲ್ಲಿ ಇಟ್ಟರೆ 27 ಸಾವಿರ ಆಗುತ್ತದೆ. ಜೂನ್, ಜುಲೈ ಎರಡೂ ತಿಂಗಳು ಅದರಿಂದ ತಲಾ 13,500 ತೆಗೆದು ನಿಮ್ಮ 8 ಸಾವಿರಕ್ಕೆ ಸೇರಿಸಿ. ಉಳಿದ ತಿಂಗಳುಗಳ ಹಾಗೆಯೇ ಮನೆ ನಡೆಯುತ್ತದೆ. ಮೀನುಗಾರರಿಗೆ ಉಳಿತಾಯ ಮತ್ತು ಪರಿಹಾರ ಯೋಜನೆ ಎಂದು ಒಂದಿದೆ. ಮೀನುಗಾರ 1,500 ರೂಪಾಯಿ ಕಟ್ಟಿದರೆ ಸರ್ಕಾರ 3,000 ಸೇರಿಸಿ, ನಿಷೇಧದ ಕಾಲದಲ್ಲಿ 4,500 ಕೊಡುತ್ತದೆ. ಮೊತ್ತ ಸಣ್ಣದಾದರೂ ಹಾಕಿದ್ದರ ಮೂರು ಪಟ್ಟು ಬೇರೆಲ್ಲೂ ಸಿಗುವುದಿಲ್ಲ. ನಿಮ್ಮವರು ಮೀನುಗಾರರ ಸಹಕಾರ ಸಂಘದ ಸದಸ್ಯರೋ ಇಲ್ಲವೋ ಕೇಳಿಕೊಳ್ಳಿ. ಮೀನುಗಾರಿಕೆ ಇಲಾಖೆಯ ಮತ್ಸ್ಯಾಶ್ರಯ ವಸತಿ ಯೋಜನೆಯ ಬಗ್ಗೆಯೂ ಅಲ್ಲಿಯೇ ವಿಚಾರಿಸಬಹುದು.

ಇನ್ನು ಮನೆಯ ಹಣ. 8 ಲಕ್ಷ ರೂಪಾಯಿ ಸಾಲವನ್ನು ಶೇ 8.5ರ ಬಡ್ಡಿಗೆ 20 ವರ್ಷಕ್ಕೆ ತೆಗೆದರೆ ಕಂತು 6,940 ರೂಪಾಯಿಯ ಆಸುಪಾಸು ಬರುತ್ತದೆ. ನಿಮ್ಮ 21,300ರಲ್ಲಿ ಮೂರನೆಯ ಒಂದು ಭಾಗ. ಅದಕ್ಕಿಂತ ಹೆಚ್ಚಿನ ಕಂತನ್ನು ನಾನಂತೂ ಒಪ್ಪುವುದಿಲ್ಲ, ಬ್ಯಾಂಕಿನವರು ಕೊಡುತ್ತೇವೆ ಎಂದರೂ ಬೇಡ. ಈಗ ನೀವು ಕಟ್ಟುವ ಬಾಡಿಗೆ 5 ಸಾವಿರ. ನಡುವಿನ ಅಂತರ 2 ಸಾವಿರ. ಈ 2 ಸಾವಿರವನ್ನು ಇದೇ ತಿಂಗಳಿನಿಂದ ಅಂಚೆ ಕಚೇರಿಯ ಆರ್.ಡಿ.ಗೆ, ಅಂದರೆ ತಿಂಗಳು ತಿಂಗಳೂ ಕಟ್ಟುವ ಠೇವಣಿಗೆ, ಕಟ್ಟಿ, ಒಂದು ವರ್ಷ ತಪ್ಪದೆ. ಕಟ್ಟಲು ಸಾಧ್ಯವಾದರೆ ಗೃಹಸಾಲದ ಕಂತನ್ನೂ ತಾಳಿಕೊಳ್ಳುತ್ತೀರಿ ಎಂದು ನಿಮಗೇ ಗೊತ್ತಾಗುತ್ತದೆ. ಆಗದಿದ್ದರೆ ಅದು ಮನೆ ಅಡವಿಟ್ಟ ಮೇಲೆ ತಿಳಿಯುವುದಕ್ಕಿಂತ ಈಗಲೇ ತಿಳಿಯಲಿ. ಆಗ ಆರು ಲಕ್ಷದ ಮನೆಯ ಬಗ್ಗೆ ಯೋಚಿಸೋಣ.

ಹದಿನಾಲ್ಕು ತಿಂಗಳ ನಂತರ ಸಂಘದ ಸಾಲ ತೀರುತ್ತದೆ. ಬಹಳಷ್ಟು ಮನೆಗಳು ದಾರಿ ತಪ್ಪುವುದು ಇಲ್ಲಿಯೇ. ಸಾಲ ತೀರಿದ ವಾರದಲ್ಲೇ ಇನ್ನೊಂದು ಸಾಲ ಕೊಡಲು ಬಾಗಿಲಿಗೆ ಬರುತ್ತಾರೆ, ಹಳೆಯದಕ್ಕಿಂತ ದೊಡ್ಡದು. ಬೇಡ ಎನ್ನಿ. ಆ 2,600ಕ್ಕೆ ಎರಡನೆಯ ಆರ್.ಡಿ. ತೆರೆಯಿರಿ. ಐದು ವರ್ಷದ ಲೆಕ್ಕದಲ್ಲಿ 60 ತಿಂಗಳು 2 ಸಾವಿರದಂತೆ, ಸಂಘದ ಸಾಲ ತೀರಿದ ಮೇಲಿನ 46 ತಿಂಗಳು 2,600ರಂತೆ ಕೂಡಿದರೆ ಬಡ್ಡಿ ಬಿಟ್ಟೇ 2 ಲಕ್ಷ 39 ಸಾವಿರ. ನಡುವೆ ಆಸ್ಪತ್ರೆಯ ಖರ್ಚು ಬಂದರೆ ಆರ್.ಡಿ. ಮುರಿಯಬೇಡಿ. ಹನ್ನೆರಡು ಕಂತು ಕಟ್ಟಿದ ಮೇಲೆ ಅದರಲ್ಲಿರುವ ಹಣದ ಅರ್ಧದಷ್ಟು ಸಾಲ ಅಂಚೆ ಕಚೇರಿಯಲ್ಲೇ ಸಿಗುತ್ತದೆ.

ಪಿಗ್ಮಿ ಕಟ್ಟಬಹುದೇ ಎಂದು ಹೊಲಿಗೆಯವರು, ಮೀನು ಮಾರುವವರು ಯಾವಾಗಲೂ ಕೇಳುತ್ತಾರೆ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ, ದಿನಕ್ಕೆ ಎರಡಾಣೆ ಉಳಿಸುವಂತೆ ಶುರು ಮಾಡಿದ ಪದ್ಧತಿ ಅದು. ದಿನದ ಸಂಪಾದನೆಯವರಿಗೆ ಅದರಷ್ಟು ಒಗ್ಗುವ ಉಳಿತಾಯ ಇನ್ನೊಂದಿಲ್ಲ. ಆದರೆ ಬಡ್ಡಿ ಕಡಿಮೆ, ನಡುವೆ ತೆಗೆದರೆ ಕಮಿಷನ್ ಕಡಿತ. ಮಳೆಗಾಲದ ಹಣವನ್ನು ಪಿಗ್ಮಿಯಲ್ಲಿ ಕೂಡಿಸಿ, ಮನೆಯ ಹಣವನ್ನು ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಇಡಿ. ಸಹಕಾರಿಯಲ್ಲಿ ಕೆಲಸ ಮಾಡಿದವಳೇ ಹೇಳುತ್ತಿದ್ದೇನೆ: ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಪತ್ತಿನ ಸಹಕಾರ ಸಂಘ ಮತ್ತು ಸೌಹಾರ್ದ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ.

ಸಾಲದ ಬಡ್ಡಿಯನ್ನು ಓದುವುದನ್ನೂ ಕಲಿಯಬೇಕು. ಒಂದು ಲಕ್ಷಕ್ಕೆ ‘ಶೇ 12 ಫ್ಲ್ಯಾಟ್’ ಎಂದು ಎರಡು ವರ್ಷಕ್ಕೆ ಕೊಟ್ಟರೆ ಬಡ್ಡಿ 24 ಸಾವಿರ, ತಿಂಗಳ ಕಂತು 5,167. ನೀವು ಪ್ರತಿ ತಿಂಗಳೂ ಅಸಲು ತೀರಿಸುತ್ತಾ ಬಂದರೂ ಅವರು ಕೊನೆಯ ತಿಂಗಳವರೆಗೆ ಪೂರ್ತಿ ಲಕ್ಷಕ್ಕೇ ಬಡ್ಡಿ ಹಾಕಿರುತ್ತಾರೆ. ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಅದು ಶೇ 21ಕ್ಕಿಂತ ಹೆಚ್ಚು. ಗೃಹಸಾಲದ ಶೇ 8.5ಕ್ಕೂ ಇದಕ್ಕೂ ಎಲ್ಲಿಯ ಹೋಲಿಕೆ! ಅವಧಿಯನ್ನೂ ನೋಡಿ: ಅದೇ 8 ಲಕ್ಷವನ್ನು 20 ವರ್ಷದ ಬದಲು 15 ವರ್ಷದಲ್ಲಿ ತೀರಿಸಿದರೆ ಕಂತು 940 ರೂಪಾಯಿಯಷ್ಟು ಏರುತ್ತದೆ, ಒಟ್ಟು ಕಟ್ಟುವುದರಲ್ಲಿ ಎರಡೂವರೆ ಲಕ್ಷದಷ್ಟು ಇಳಿಯುತ್ತದೆ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಬೇಗ ತೀರಿಸಿದರೆ ದಂಡ ಹಾಕುವಂತಿಲ್ಲ. ಹಾಗಾಗಿ 20 ವರ್ಷಕ್ಕೇ ತೆಗೆದು, ಮೀನು ಚೆನ್ನಾಗಿ ಸಿಕ್ಕ ವರ್ಷ ಹೆಚ್ಚು ಕಟ್ಟುವುದು ನಿಮ್ಮಂಥವರಿಗೆ ಕ್ಷೇಮ.

‘ನಮ್ಮ ಆದಾಯಕ್ಕೆ ದಾಖಲೆಯೇ ಇಲ್ಲ, ಬ್ಯಾಂಕಿನವರು ಹೇಗೆ ನಂಬುತ್ತಾರೆ’ ಎಂಬ ಚಿಂತೆ ಬೇಡ. ಬೋಟಿನ ಪಾಲು ನಗದಾಗಿ ಬಂದರೆ ಬಂದ ದಿನವೇ ಖಾತೆಗೆ ಹಾಕಿ, ಆಮೇಲೆ ಬೇಕಾದಷ್ಟು ತೆಗೆಯಿರಿ. ಹೊಲಿಗೆಗೆ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಮಾಡಿಸಿ, ಅದು ಉಚಿತ. ಹೊನ್ನಾವರದ ಕಡೆಯ ಒಬ್ಬ ಮೀನು ಮಾರುವ ಹೆಂಗಸು ನೂರು ಪುಟದ ಶಾಲೆ ಪುಸ್ತಕದಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿಕೊಂಡಿದ್ದರು: ಬೆಳಿಗ್ಗೆ ಹರಾಜಿನಲ್ಲಿ ಕೊಟ್ಟದ್ದು, ಮಾರಿ ಬಂದದ್ದು, ಐಸು ಮತ್ತು ಟೆಂಪೊ. ಅಕ್ಷರ ಬಾರದಿದ್ದ ಅವರು ಬಂಗಡೆಗೆ ಒಂದು ಗುರುತು, ತಾರ್ಲೆಗೆ ಒಂದು ಗುರುತು ಹಾಕುತ್ತಿದ್ದರು. ಹಾಳೆಗಳಿಗೆ ಮೀನಿನ ನೀರು ತಾಗಿ ಅಂಚು ಸುರುಟಿತ್ತು. ಆ ಪುಸ್ತಕ ಮತ್ತು ಪಾಸ್‌ಬುಕ್ ಎರಡನ್ನೂ ಪಕ್ಕಪಕ್ಕ ಇಟ್ಟಾಗ ತಾರೀಖು ತಾರೀಖಿಗೂ ತಾಳೆಯಾಯಿತು. ಅವರ ಸಾಲದ ಅರ್ಜಿಯ ಮೇಲೆ ಯಾರೂ ಎರಡನೆಯ ಪ್ರಶ್ನೆ ಕೇಳಲಿಲ್ಲ.

ಈಗ ಆ ಮೂರು ಗುಂಟೆಯ ವಿಷಯ. ಉತ್ತರ ಕನ್ನಡದಲ್ಲಿ ಹಣಕ್ಕಿಂತ ಹೆಚ್ಚು ಮನೆಗಳನ್ನು ತಡೆದಿರುವುದು ಜಾಗದ ಕಾಗದ. ಜಿಲ್ಲೆಯ ಬಹುಪಾಲು ಅರಣ್ಯ. ತಲೆಮಾರುಗಳಿಂದ ವಾಸವಿದ್ದ ಎಷ್ಟೋ ಮನೆಗಳು ಅರಣ್ಯದ ಸರ್ವೆ ನಂಬರಿನಲ್ಲಿವೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರಲ್ಲದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ 75 ವರ್ಷಗಳ, ಅಂದರೆ ಮೂರು ತಲೆಮಾರಿನ, ದಾಖಲೆ ತೋರಿಸಬೇಕು. ಅದು ಇಲ್ಲದೆ ಒದ್ದಾಡುವವರ ಸಂಕಟ ದೊಡ್ಡದು, ಅದನ್ನು ಈ ಒಂದು ಉತ್ತರದಲ್ಲಿ ಹೇಳಿ ಮುಗಿಸಲಾಗದು. ಆದರೆ ಹೊಸದಾಗಿ ಹಣ ಹಾಕುವವರು ಅಂಥ ಜಾಗಕ್ಕೆ ಕೈ ಹಾಕಬಾರದು. ಒಮ್ಮೆ ಒಂದು ದಂಪತಿ ಪ್ಲಾಸ್ಟಿಕ್ ಚೀಲದಿಂದ ನಾಲ್ಕು ಮಡಿಕೆಯ ಛಾಪಾ ಕಾಗದ ತೆಗೆದು ನನ್ನ ಮೇಜಿನ ಮೇಲೆ ಬಿಡಿಸಿದರು. ಕೊಟ್ಟವರ ಸಹಿ, ಇಬ್ಬರು ಸಾಕ್ಷಿಗಳ ಸಹಿ, ನೋಟರಿಯ ಕೆಂಪು ಮುದ್ರೆ ಎಲ್ಲವೂ ಇತ್ತು. ಜಮೀನಿನ ಹಕ್ಕಿನ ದಾಖಲೆಯಾದ ಪಹಣಿ ತೆಗೆಸಿದರೆ, ಮಾಲೀಕರ ಹೆಸರಿರುವ ಕಾಲಂ 9ರಲ್ಲಿ ಇದ್ದದ್ದು ಸರ್ಕಾರಿ ಅರಣ್ಯ. ವರ್ಷಗಟ್ಟಲೆ ಗೇರುಬೀಜದ ಕಾರ್ಖಾನೆಯಲ್ಲಿ ಕೂಡಿಟ್ಟ ಹಣ ಅದು. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಪಹಣಿ ತೆಗೆಸಲು ನಾಡಕಚೇರಿಯಲ್ಲಿ ಬೇಕಾದದ್ದು ಕೆಲವೇ ರೂಪಾಯಿ.

ಆದ್ದರಿಂದ ಆರ್.ಡಿ. ತೆರೆದ ಮೇಲಿನ ಎರಡನೆಯ ಕೆಲಸ, ಮಾವನವರಿಂದ ಸರ್ವೆ ನಂಬರ್ ಕೇಳಿ ಪಹಣಿ ತೆಗೆಸುವುದು. ಕಾಲಂ 9ರಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು. ಅಜ್ಜನ ಹೆಸರೇ ಇನ್ನೂ ಇದ್ದರೆ ವಾರಸಾ, ಅಂದರೆ ವಾರಸುದಾರರ ಹೆಸರಿಗೆ ಬದಲಾವಣೆ, ಆಗಬೇಕು. ಪಿತ್ರಾರ್ಜಿತ ಆಸ್ತಿಯಾದರೆ, 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಸಮಪಾಲು. ನಿಮ್ಮ ನಾದಿನಿಯರನ್ನು ಕೂರಿಸಿಕೊಂಡು ಮಾತಾಡಿ, ಪಾಲುಪಟ್ಟಿಯನ್ನೋ ಹಕ್ಕು ಬಿಡುಗಡೆ ಪತ್ರವನ್ನೋ ನೋಂದಣಿ ಮಾಡಿಸಿ. ಅವರಿಗೆ ಸಲ್ಲಬೇಕಾದದ್ದು ಸಲ್ಲಲಿ. ಗೋಡೆ ಎದ್ದ ಮೇಲೆ ಈ ಮಾತು ತೆಗೆದರೆ ಮನೆಯ ಕೆಲಸವೂ ಅರ್ಧಕ್ಕೆ ನಿಲ್ಲುತ್ತದೆ, ಸಂಬಂಧವೂ ಕೆಡುತ್ತದೆ. ಆಮೇಲೆ ಕೃಷಿ ಜಮೀನಾದರೆ ಭೂ ಪರಿವರ್ತನೆ, ಪಂಚಾಯಿತಿಯಲ್ಲಿ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11. ಕಡಲಿಗೋ ಗಂಗಾವಳಿ ಅಳಿವೆಗೋ ಹತ್ತಿರವಿದ್ದರೆ ಸಿ.ಆರ್.ಝಡ್. (ಕರಾವಳಿ ನಿಯಂತ್ರಣ ವಲಯ) ಒಳಗೆ ಬರುತ್ತದೆಯೇ ಎಂದು ಲಿಖಿತವಾಗಿ ಕೇಳಿ. ಗುಡ್ಡದ ಬುಡವಾದರೆ, ಅಗ್ಗಕ್ಕೆ ಸಿಕ್ಕಿತೆಂದು ಧರೆ ಕಡಿದು ಮನೆ ಕೂರಿಸಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಆದದ್ದನ್ನು ನಾವೆಲ್ಲ ಕಂಡಿದ್ದೇವೆ.

ಸರ್ಕಾರದ ನೆರವು ಜಾಗ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಹಳ್ಳಿಯಲ್ಲಾದರೆ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಬಯಲು ಪ್ರದೇಶಕ್ಕೆ 1 ಲಕ್ಷ 20 ಸಾವಿರ, ಜೊತೆಗೆ ಶೌಚಾಲಯಕ್ಕೆ 12 ಸಾವಿರ. ಪಟ್ಟಿಯಲ್ಲಿ ಹೆಸರಿರಬೇಕು. ರಾಜ್ಯದ ಬಸವ ವಸತಿ ಯೋಜನೆಗೆ ಆಯ್ಕೆ ನಡೆಯುವುದು ಗ್ರಾಮಸಭೆಯಲ್ಲಿ. ಸಭೆಗೆ ಹೋಗಿ ಕುಳಿತುಕೊಳ್ಳಿ, ಯಾರೋ ಹೆಸರು ಬರೆಸುತ್ತಾರೆಂದು ಕಾಯಬೇಡಿ. ಪಟ್ಟಣದ ಮಿತಿಯಲ್ಲಾದರೆ 2024ರಲ್ಲಿ ಬಂದ ನಗರ ಆವಾಸ್ ಯೋಜನೆಯ ಎರಡನೆಯ ಹಂತ ಇದೆ. ವರ್ಷಕ್ಕೆ 3 ಲಕ್ಷದೊಳಗಿನ ಆದಾಯದ ಗುಂಪಿಗೆ ನೀವು ಸೇರುತ್ತೀರಿ. ಸಾಲದ ಮೊದಲ 8 ಲಕ್ಷಕ್ಕೆ ಶೇ 4ರ ಬಡ್ಡಿ ಸಹಾಯಧನ, ಐದು ವಾರ್ಷಿಕ ಕಂತುಗಳಲ್ಲಿ ಒಟ್ಟು 1 ಲಕ್ಷ 80 ಸಾವಿರದವರೆಗೆ. ದೇಶದಲ್ಲಿ ಎಲ್ಲಿಯೂ ಪಕ್ಕಾ ಮನೆ ಇರಬಾರದು. ದಾಖಲೆಯಲ್ಲಿ ನಿಮ್ಮ ಹೆಸರು ಇರಲೇಬೇಕು ಎಂದು ಹಠ ಹಿಡಿಯಿರಿ.

ಈ ನೆರವಿನಿಂದಲೇ ಮನೆ ಮುಗಿಯುವುದಿಲ್ಲ. ಮೊದಲ ಕಂತು ಬಂತೆಂದು ದೊಡ್ಡ ಅಡಿಪಾಯ ಹಾಕಿ, ಆಮೇಲೆ ಮಾಡಿಗಾಗಿ ದುಬಾರಿ ಸಾಲಕ್ಕೆ ಬಿದ್ದವರು ಪ್ರತಿ ಊರಿನಲ್ಲಿ ಸಿಗುತ್ತಾರೆ. ಒಂದು ಕೋಣೆ, ಅಡುಗೆಮನೆ, ಬಚ್ಚಲು, ಮುಂದೊಂದು ಜಗಲಿ. ಅಷ್ಟನ್ನೇ ಪೂರ್ತಿ ಮಾಡಿ. ಮೇಲೆ ಹಂಚು ಸಾಕು. ಪಕ್ಕಕ್ಕೆ ಬೆಳೆಸುವಂತೆ ಚಿರೆಕಲ್ಲಿನ ಗೋಡೆಯಲ್ಲಿ ಬಾಗಿಲಿನ ಜಾಗ ಬಿಡಿಸಿಕೊಳ್ಳಿ. ಮಳೆ ನಿಂತ ಕೂಡಲೇ ಅಡಿಪಾಯ ಹಿಡಿದರೆ ಮೇ ಒಳಗೆ ಮಾಡು ಏರುತ್ತದೆ. ಫೆಬ್ರುವರಿಯಲ್ಲಿ ಶುರು ಮಾಡುವುದಾದರೆ ಆ ವರ್ಷ ಬಿಟ್ಟುಬಿಡಿ.

ಕಡಲಿಗೆ ಹೋಗುವವರ ಮನೆಯಲ್ಲಿ ಇನ್ನೊಂದು ಆಗಲೇಬೇಕು: ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ವಿಮೆ, 436 ರೂಪಾಯಿಯ ಜೀವನ್ ಜ್ಯೋತಿ ವಿಮೆ. ಎರಡರಲ್ಲೂ 2 ಲಕ್ಷದ ರಕ್ಷಣೆ ಇದೆ. ಬ್ಯಾಂಕಿಗೆ ಹೋದ ದಿನವೇ ಅರ್ಜಿಗೆ ಸಹಿ ಮಾಡಿಸಿ.

ಪಹಣಿ ಕೈಗೆ ಬಂದ ಮೇಲೆ ಕಾಲಂ 9 ಮತ್ತು 11ರಲ್ಲಿ ಏನು ಬರೆದಿದೆ ಎಂದು ಇಲ್ಲಿಯೇ ತಿಳಿಸಿ. ಜನರ ಹೆಸರು, ಸರ್ವೆ ನಂಬರ್ ಬರೆಯಬೇಡಿ. ಜಾಗ ಪಂಚಾಯಿತಿಗೆ ಸೇರಿದ್ದೋ ಪಟ್ಟಣಕ್ಕೋ, ನಿಮ್ಮ ಪಡಿತರ ಚೀಟಿ ಯಾವ ಊರಿನದು ಎಂಬುದನ್ನೂ ಹೇಳಿ. ಮುಂದೆ ಯಾವ ಕಚೇರಿಗೆ, ಯಾವ ಕಾಗದ ಹಿಡಿದು ಹೋಗಬೇಕೆಂದು ಅದನ್ನು ನೋಡಿ ಬರೆಯುತ್ತೇನೆ.