ಗುಂಪು ಬಿಟ್ಟವರ ಕೈಯಲ್ಲಿ ಉಳಿಯುವ ಕೀಲಿ

ಆತ್ಮೀಯರೇ, ನಮಸ್ಕಾರ.

ವಾಟ್ಸ್ಆ್ಯಪ್‌ನಂತಹ ಗುಂಪುಗಳಲ್ಲಿ ಸಂದೇಶಗಳಿಗೆ ಬೀಗ ಹಾಕಿ ತೆರೆಯುವ ಗುಪ್ತಲಿಪಿಯ ಕೀಲಿಯನ್ನು ಹಂಚಿಕೊಳ್ಳುವ ಬಗೆಯ ಕುರಿತು ಬದಿಯಡ್ಕದಿಂದ ನೀವು ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಕಾಸರಗೋಡಿನ ನಮ್ಮ ಪತ್ರಿಕೆಗೆ ಇಂತಹ ಬರಹ ಬರುವುದು ಅಪರೂಪ. ಇದು ಅಚ್ಚಾಗಬೇಕೆಂಬ ಆಸೆ ನನಗಿದ್ದರೂ ಈಗಿರುವ ರೂಪದಲ್ಲಿ ಪ್ರಕಟಿಸಲಾರೆ.

ಹವ್ಯಾಸಿ ಯಕ್ಷಗಾನ ಸಂಘದ ಗುಂಪಿನಿಂದ ಒಬ್ಬರು ಹೊರಹೋದಾಗ, ಹೊಸ ಕೀಲಿಯನ್ನು ಹಳೆಯ ಕೀಲಿಯಿಂದಲೇ ಎನ್‌ಕ್ರಿಪ್ಟ್ ಮಾಡಿ (ಗುಪ್ತಲಿಪಿಗೆ ತಿರುಗಿಸಿ) ಎಲ್ಲರಿಗೂ ಕಳುಹಿಸಿದರಾಯಿತು ಎಂದು ಬರೆದಿದ್ದೀರಿ. ಹೊರಹೋದವರಿಗೂ ಆ ಹಳೆಯ ಕೀಲಿ ಗೊತ್ತಿದೆಯಲ್ಲ! ಹೊಸಬರು ಸೇರುವಾಗ, ಅವರಿಗೆ ಪ್ರತ್ಯೇಕವಾಗಿ ಕೀಲಿ ಕೊಟ್ಟು, ಹಳಬರಿಗೆ ಈ ಉಪಾಯದಿಂದ ತಲುಪಿಸಬಹುದು. ಯಾರಾದರೂ ಬಿಡುವಾಗ ಅದು ನಡೆಯದು. ಸೇರುವುದಕ್ಕಿಂತ ಬಿಡುವುದು ಏಕೆ ಕಷ್ಟದ ಸಮಸ್ಯೆ ಎಂಬುದೇ ನಿಮ್ಮ ಲೇಖನದ ಜೀವಾಳವಾಗಬೇಕಿತ್ತು.

ಉಳಿದವರಿಗೆ ಒಬ್ಬೊಬ್ಬರಾಗಿ ಕಳುಹಿಸುವುದಾದರೆ 1024 ಮಂದಿಯ ಗುಂಪಿನಲ್ಲಿ ಒಬ್ಬರು ಬಿಟ್ಟಾಗ 1023 ಸಲ ಎನ್‌ಕ್ರಿಪ್ಟ್ ಮಾಡಬೇಕು. ಇದಕ್ಕೆ ಪರಿಹಾರವಾಗಿ 1990ರ ದಶಕದಲ್ಲೇ ಬಂದ ಕೀಲಿಮರದ ವಿಧಾನಕ್ಕೆ ನೀವು ಒಂದೇ ವಾಕ್ಯ ಕೊಟ್ಟಿದ್ದೀರಿ. ಎಂಟು ಮಂದಿಯನ್ನಿಟ್ಟುಕೊಂಡು ಅದನ್ನು ಬಿಡಿಸಿ ಹೇಳಿ: ಪ್ರತಿಯೊಬ್ಬರಿಗೂ ಸ್ವಂತದ್ದೊಂದು ಕೀಲಿ, ಇಬ್ಬಿಬ್ಬರಿಗೆ ಒಂದು, ನಾಲ್ಕು ನಾಲ್ಕು ಮಂದಿಗೆ ಒಂದು, ಎಲ್ಲರಿಗೂ ಸೇರಿ ಒಂದು. ಮೂರನೆಯವರು ಬಿಟ್ಟರೆ ಅವರು ಹಂಚಿಕೊಂಡಿದ್ದ ಮೂರು ಕೀಲಿಗಳನ್ನಷ್ಟೇ ಬದಲಿಸಿದರೆ ಸಾಕು. ಐದರಿಂದ ಎಂಟರವರೆಗಿನವರಿಗೆ ಗುಂಪಿನ ಹೊಸ ಕೀಲಿಯು ಅವರದೇ ನಾಲ್ವರ ಕೀಲಿಯ ಮೂಲಕ ಒಂದೇ ಸಲಕ್ಕೆ ತಲುಪುತ್ತದೆ. ಇಬ್ಬರ ಕೀಲಿಗೆ ಒಂದು, ನಾಲ್ವರ ಕೀಲಿಗೆ ಎರಡು, ಗುಂಪಿನ ಕೀಲಿಗೆ ಎರಡು, ಹೀಗೆ ಒಟ್ಟು ಐದು ಸಲ ಎನ್‌ಕ್ರಿಪ್ಟ್ ಮಾಡಿದರೆ ಮುಗಿಯಿತು. 1024 ಮಂದಿಯಿದ್ದರೂ ಬದಲಿಸಬೇಕಾದ ಕೀಲಿಗಳು ಹತ್ತೇ; ಹೀಗೆ ಲೆಕ್ಕ ಹಾಕಿದಾಗ ಬರುವುದು 19 ಮಾತ್ರ. ಈ ಲೆಕ್ಕವನ್ನು ಓದುಗರು ತಾವೇ ಮಾಡಿ ನೋಡುವಂತೆ ಬರೆಯಿರಿ.

ಈ ಹಳೆಯ ವಿಧಾನದಲ್ಲಿ ಎಲ್ಲ ಕೀಲಿಗಳೂ ಹಂಚುವ ಸರ್ವರ್‌ಗೆ ಗೊತ್ತಿರುತ್ತವೆ ಎಂಬುದನ್ನು ಮುಚ್ಚಿಡಬೇಡಿ. ಗುಂಪು ಸಂದೇಶಗಳ ಗುಪ್ತತೆಗಾಗಿ 2023ರ ಜುಲೈಯಲ್ಲಿ ಪ್ರಕಟವಾದ ಎಂಎಲ್‌ಎಸ್ ಮಾನಕವು ಮರವನ್ನು ಉಳಿಸಿಕೊಂಡು, ಕೀಲಿಗಳನ್ನು ಸದಸ್ಯರ ಸಾಧನಗಳಲ್ಲೇ ಹುಟ್ಟಿಸುತ್ತದೆ. ವಾಟ್ಸ್ಆ್ಯಪ್‌ನ ಕ್ರಮವೇ ಬೇರೆ: ಅಲ್ಲಿ ಪ್ರತಿ ಸದಸ್ಯರಿಗೂ ತಮ್ಮದೇ ‘ಸೆಂಡರ್ ಕೀ’ (ತಾವು ಕಳುಹಿಸುವ ಸಂದೇಶಗಳ ಕೀಲಿ) ಇದ್ದು, ಒಬ್ಬರು ಬಿಟ್ಟಾಗ ಉಳಿದವರೆಲ್ಲ ಅದನ್ನು ಹೊಸದಾಗಿ ಮಾಡಿಕೊಳ್ಳುತ್ತಾರೆ. ನೀವು ಇವೆರಡನ್ನೂ ಒಂದೆಂದು ಬರೆದಿದ್ದೀರಿ, ಬೇರ್ಪಡಿಸಿ.

ಗುಂಪು ಬಿಟ್ಟವರಿಗೆ ಹಿಂದಿನ ಸಂದೇಶಗಳೂ ಸಿಗವು ಎಂಬ ಕೊನೆಯ ಸಾಲನ್ನು ತೆಗೆಯಿರಿ. ಅವರ ಫೋನಿಗೆ ಆಗಲೇ ಬಂದು ಸೇರಿರುವುದನ್ನು ಯಾವ ಕೀಲಿಯ ಬದಲಾವಣೆಯೂ ಅಳಿಸಲಾರದು. ಹಾಗೆಯೇ ಗುಪ್ತಲಿಪಿಯ ಉದಾಹರಣೆಗಳಲ್ಲಿ ರೂಢಿಯಾಗಿ ಬರುವ ‘ಆಲಿಸ್’, ‘ಬಾಬ್’ ಹೆಸರುಗಳ ಬದಲು ನಿಮ್ಮ ಸಂಘದ ಭಾಗವತರು, ಮದ್ದಳೆಯವರೇ ಬರಲಿ. ಎಂಟು ಮಂದಿಯ ಮರದ ಚಿತ್ರವನ್ನು ಕೈಯಲ್ಲೇ ಬರೆದು, ತಿದ್ದಿದ ಲೇಖನದ ಜೊತೆ ಕಳುಹಿಸಿ. ಅಚ್ಚಿಗೆ ಹೊಂದುವಂತೆ ಅದನ್ನು ನಾವಿಲ್ಲಿ ಮರುಬರೆಸುತ್ತೇವೆ.

ಇತಿ,
ಸಂಪಾದಕ