ಕೂಸಿನ ಎತ್ತರ, ಅವ್ವನ ಗಂಗಾಳ

"ಮೇಡಂರೀ, ನಮ್ಮ ಕೂಸು ಬೆಳಿವಲ್ದು" ಅಂತ ನನ್ನ ಹತ್ರ ಆಪ್ತಸಲಹೆಗೆ ಬರೋ ತಾಯಂದಿರು ನಮ್ಮ ಕಲಬುರಗಿ ಕಡಿ ಭಾಳ ಅದಾರ. ಮನಿ ಬ್ಯಾರೆ ಬ್ಯಾರೆ, ಮಾತು ಒಂದೇ. ಅದಕ್ಕ ಈ ಕೇಸ್ ಬರಿಬೇಕನಿಸ್ತು. ತಾಯಿ ಒಪ್ಪಿಗಿ ತಗೊಂಡೀನಿ, ಗುರುತು ಸಿಗೋ ವಿವರ ಎಲ್ಲಾ ಬದಲು ಮಾಡೀನಿ.

ನಾಕು ವರ್ಷದ ಹೆಣ್ಣು ಕೂಸು. ಆಳಂದ ಕಡಿ ಹಳ್ಳಿ, ಕೂಡು ಕುಟುಂಬ, ಗಂಡ ಪುಣೆದಾಗ ದುಡಿತಾನ. ನೆಗೆಣ್ಣಿ ಮಗಳು ಈ ಕೂಸಿಗಿಂತ ವಯಸ್ಸಿನಾಗ ಸಣ್ಣಾಕಿ, ಆದ್ರ ಎತ್ತರದಾಗ ದೊಡ್ಡಾಕಿ. ಹಬ್ಬ ಬಂತಂದ್ರ ಇಬ್ಬರಿಗೂ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಸಿ ನೋಡೋದು, ಮನಿಮಂದಿ ಎಲ್ಲಾ "ಗಿಡ್ಡಿ" ಅಂತ್ಲೇ ಕರಿಯೋದು. ತಾಯಿ ಡಬ್ಬಿ ಪೌಡರ್ ಹಾಲಿನಾಗ ಕಲಸಿ ಮೂಗು ಹಿಡಿದು ಕುಡಸ್ತಿದ್ಲು, ಊಟದ ಹೊತ್ತಾತಂದ್ರ ಕೂಸು ಮಂಚದ ಕೆಳಗ ಹೋಗಿ ಕೂಡ್ತಿತ್ತು. ತಾನು ಮತ್ತ ಐದು ತಿಂಗಳ ಬಸರಿ ಅನ್ನೋದನ್ನ ಆಕಿ ಹೇಳಿದ್ದು ಎದ್ದು ಹೊಂಟಾಗ.

ನಾ ಮೊದಲ ಕೇಳಿದ್ದು ತಾಯಿ ಕಾರ್ಡ್, ಕೂಸಿನ ತೂಕ, ಎತ್ತರ ಬರಿಯೋ ಕಾರ್ಡ್. ಆಪ್ತಸಲಹೆಗಾರರು ಮನಸ್ಸಿನ ಮಾತು ಕೇಳಬೇಕು, ಸೆಂಟಿಮೀಟರ್ ಯಾಕ ಕೇಳ್ತೀರಿ ಅಂತ ನಮ್ಮವರೇ ಕೆಲವರು ನನಗ ಅಂದಾರ. ಅಳತಿ ನೋಡದೇ "ಚಿಂತಿ ಮಾಡಬ್ಯಾಡವ್ವಾ" ಅಂತ ಹೇಳೋದು ಸಲಹೆ ಅಲ್ಲ ಅಂತ ನಾ ನಂಬೀನಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಾಗ ಐದು ವರ್ಷದ ಒಳಗಿನ ಮಕ್ಕಳೊಳಗ 100ಕ್ಕ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲ, ನಮ್ಮ ಕಲಬುರಗಿ, ಯಾದಗಿರಿ ಜಿಲ್ಲಾದಾಗ ಅದಕ್ಕಿಂತ ಹೆಚ್ಚು. ಇಂಥಾ ಕಡಿ ಬರೇ ಸಮಾಧಾನ ಹೇಳಿ ಹ್ಯಾಂಗ ಕಳಸೋದು?

ಕಾರ್ಡಿನ್ಯಾಗ ಮೂರು ವರ್ಷಕ್ಕ 89 ಸೆಂಟಿಮೀಟರ್, ನಾಕಕ್ಕ 95.5 ಅಂತಿತ್ತು. ವಿಶ್ವ ಆರೋಗ್ಯ ಸಂಸ್ಥೆ ಚಾರ್ಟ್ ಪ್ರಕಾರ ನಾಕು ವರ್ಷದ ಹೆಣ್ಣುಮಕ್ಕಳ ಎತ್ತರದ ಮಧ್ಯದ ಅಳತಿ 102.7 (ಅರ್ಧ ಮಕ್ಕಳು ಇದಕ್ಕಿಂತ ಎತ್ತರ, ಅರ್ಧ ಗಿಡ್ಡ), 94.1ಕ್ಕಿಂತ ಕೆಳಗಿದ್ರ ಬೆಳವಣಿಗಿ ಕುಂಠಿತ ಅಂತ ಲೆಕ್ಕ. ಅಂದ್ರ ಕೂಸು ಕೆಳಗಿನ ಗೆರಿ ಹತ್ರಾನೇ ಅದ, ಆದ್ರ ಗೆರಿ ದಾಟಿ ಬಿದ್ದಿಲ್ಲ, ವರ್ಷಕ್ಕ ಆರೂವರೆ ಸೆಂಟಿಮೀಟರ್ ಬೆಳದದ, ಆ ವಯಸ್ಸಿಗೆ ಅದು ಸರಿಯಾದ ವೇಗ. ಆದ್ರೂ ಮಕ್ಕಳ ಡಾಕ್ಟರ್ ಕಡಿ ಕಳಸ್ದೆ. ಥೈರಾಯ್ಡ್ ಸರಿ ಇತ್ತು, ರಕ್ತ ಕಮ್ಮಿ ಇತ್ತು, ಕಬ್ಬಿಣಾಂಶದ ಸಿರಪ್ ಕೊಟ್ರು.

ಮುಂದಿನ ಸಲ ಅತ್ತೀನ್ನೂ ಕರ್ಕೊಂಡು ಬಾ ಅಂದಿದ್ದೆ. ಆಯಿ ಬಂದ್ರು, ಕೂಡೋದ್ರಾಗೇ ಶುರು ಮಾಡಿದ್ರು, "ಇಕಿ ಗಿಡ್ಡದಾಳ್ರೀ ಅಕ್ಕೋರ, ಅದಕ್ಕ ಕೂಸೂ ಗಿಡ್ಡ, ನಮ್ಮ ಮನೆತನದಾಗ ಯಾರೂ ಹಿಂಗಿಲ್ಲ." ಸೊಸಿ ತಲಿ ಕೆಳಗ ಹಾಕಿದ್ಲು. ನಾ ಅದಕ್ಕ ವಾದ ಮಾಡ್ಲಿಲ್ಲ. "ಆಯಿ, ನಿನ್ನಿ ರಾತ್ರಿ ನಿಮ್ಮ ಮನ್ಯಾಗ ಯಾರು ಮೊದಲ ಉಂಡ್ರು, ಯಾರು ಕಡೀಕ ಉಂಡ್ರು?" ಅಂತ ಕೇಳ್ದೆ.

ಬೆರಳು ಮಡಚಿ ಹೇಳಿದ್ರು. ಗಂಡಸ್ರು, ಆಮ್ಯಾಲ ಹುಡುಗ್ರು, ಆಮ್ಯಾಲ ತಾವು ಮತ್ತ ದೊಡ್ಡ ಸೊಸಿ. "ಇಕಿ ರೊಟ್ಟಿ ಬಡಿಯಾಕಿ, ಇಕಿ ಕಡೀಕ."

"ಇಕಿ ಕೂಡೋ ಹೊತ್ತಿಗೆ ಏನೇನ್ ಉಳಿದಿತ್ತು?"

"ರೊಟ್ಟಿ ಇದ್ವು. ಪುಂಡಿಪಲ್ಯ ತಳಕ್ಕ ಇತ್ತು. ಬ್ಯಾಳಿ ಮುಗಿದಿತ್ತು."

ತೊಗರಿ ಬೆಳಿಯೋ ನಾಡಿನಾಗ ಬಸರಿ ಹೆಣ್ಮಗಳ ಗಂಗಾಳಕ್ಕ ಬ್ಯಾಳಿ ಬಂದಿರ್ಲಿಲ್ಲ. ನಾ ಸುಮ್ನಿದ್ದೆ. ಆಮ್ಯಾಲ ಆಯಿ ತಾವೇ ಅಂದ್ರು, "ನಾನೂ ಹಂಗೇ ಉಂಡಾಕಿ ಅಕ್ಕೋರ. ಬಸರಿದ್ದಾಗ ಹೆಚ್ಚಿಗಿ ಉಂಡ್ರ ಕೂಸು ದೊಡ್ಡದಾಗಿ ಹೆರಿಗಿ ತ್ರಾಸ ಆಗ್ತದ ಅಂತ ನಮ್ಮತ್ತಿ ಹೇಳ್ತಿದ್ಲು. ಇಕಿಗೂ ನಾ ಅದೇ ಹೇಳೀನಿ." ಆಗ ಸೊಸಿ ತಲಿ ಎತ್ತಿ ಅಂದ್ಲು, "ನನಗ ಹಸಿವಿ ಆಗ್ತಿತ್ರೀ ಅತ್ತಿ."

ಕಾರ್ಡ್ ತಿರುವಿ ಹುಟ್ಟಿದ ತೂಕ ತೋರ್ಸಿದೆ, 2.1 ಕಿಲೋ. ಎರಡೂವರಿ ಕಿಲೋಕ್ಕಿಂತ ಕಮ್ಮಿ ಇದ್ರ ಕಮ್ಮಿ ತೂಕದ ಕೂಸು ಅಂತಾರ. ಕೂಸು ಸಣ್ಣದಾಗಿದ್ದು ಹೊಟ್ಟಿ ಒಳಗೇ, ಈಗ ಮೂಗು ಹಿಡಿದು ಕುಡಿಸೋದ್ರಿಂದ ಅದು ಸರಿ ಹೋಗಲ್ಲ, ಆದ್ರ ಈಗ ಹೊಟ್ಟ್ಯಾಗಿರೋ ಕೂಸಿಗೆ ಇನ್ನೂ ಟೈಮ್ ಅದ ಅಂದೆ. ಬಸರಾದ ದಿನದಿಂದ ಕೂಸಿಗೆ ಎರಡು ವರ್ಷ ತುಂಬೋತನಕ ತಿಂದದ್ದೇ ಎತ್ತರಕ್ಕ ಭಾಳ ದೊಡ್ಡ ಆಧಾರ.

ಕೊಟ್ಟ ಸಲಹೆ ಇಷ್ಟು. ತಾಯಿ ಮಗಳ ಜೊತಿಗೇ ಕೂತು ಉಣ್ಣಬೇಕು, ಇಬ್ಬರ ಗಂಗಾಳಕ್ಕೂ ಬ್ಯಾಳಿ, ಮೊಸರು, ಶೇಂಗಾ ಹಿಂಡಿ ಬೀಳಬೇಕು, ತತ್ತಿ ತಿನ್ನೋ ಮನಿ ಆದ್ರಿಂದ ದಿನಾ ಒಂದು ತತ್ತಿ. ಏನ್ ಬಡಸ್ಬೇಕು ಅನ್ನೋದು ತಾಯಿದು, ಎಷ್ಟು ತಿನ್ನಬೇಕು ಅನ್ನೋದು ಕೂಸಿಂದು, ಜುಲುಮಿ ಬ್ಯಾಡ. ಪೌಡರ್ ಡಬ್ಬಿ ರೊಕ್ಕಾ ಉಳಿಸಿ ತತ್ತಿ ಹಾಲಿಗೆ ಹಾಕ್ರಿ. ಅಂಗನವಾಡ್ಯಾಗ ಬಸರಿ, ಬಾಣಂತೇರಿಗೆ ಮಾತೃಪೂರ್ಣ ಊಟ ಸಿಗ್ತದ, 2017ರಿಂದ ನಡದದ, ಬಿಸಿ ಊಟ, ಹಾಲು, ತತ್ತಿ. "ಮನಿ ಸೊಸಿ ಹೊರಗ ಹೋಗಿ ಉಣ್ಣೋದಾ?" ಅಂದ್ರು ಆಯಿ. ನೀವೇ ಜೊತಿಗೆ ಹೋಗ್ರಿ ಅಂದೆ. ಗಿಡ್ಡಿ ಅನ್ನೋದು ಬಂದ್, ಬೆನ್ನಿಗೆ ಬೆನ್ನು ಹಚ್ಚೋದೂ ಬಂದ್.

ಆಮ್ಯಾಲ ಆ ಮನಿ ಗಂಡಸರೊಬ್ರು ಫೋನ್ ಮಾಡಿ, ಕೂಸಿನ ಎತ್ತರ ಕೇಳಾಕ ಬಂದ್ರ ಅತ್ತಿ-ಸೊಸಿ ನಡುವ ಜಗಳ ಹಚ್ಚೀರಿ ಅಂದ್ರು. ನಾ ಯಾರ ಮ್ಯಾಲೂ ತಪ್ಪು ಹೊರಸಿಲ್ಲ, ಆ ಅತ್ತೀನೂ ಹಸದಾಕಿನೇ. ಅಪ್ಪ ಅವ್ವನ ಎತ್ತರ ಸೆಂಟಿಮೀಟರಿನ್ಯಾಗ ಕೂಡಿಸಿ, ಹೆಣ್ಣಿಗೆ 13 ಕಳೆದು, ಗಂಡಿಗೆ 13 ಕೂಡಿಸಿ, ಅರ್ಧ ಮಾಡಿದ್ರ ಮಕ್ಕಳು ಎಲ್ಲೀತನಕ ಬೆಳಿಬಹುದು ಅನ್ನೋ ಅಂದಾಜು ಸಿಗ್ತದ ಅಂತ ಡಾಕ್ಟರ್ ಹೇಳ್ತಾರ, ಲೆಕ್ಕ ಖರೇನೇ. ಆದ್ರ ಆ ಅವ್ವನೇ ಸಣ್ಣಾಕಿದ್ದಾಗ ಹೊಟ್ಟಿ ತುಂಬ ಉಂಡಿಲ್ಲ ಅಂದ್ರ ಆಕೀನೂ ತನ್ನ ಪೂರ್ತಿ ಎತ್ತರ ಬೆಳದಿರಂಗಿಲ್ಲ. ಅದಕ್ಕ ವಂಶದಾಗ ಬಂದದ್ದು ಅಂತ ಕೈ ಬಿಡೋದನ್ನ ನಾ ಒಪ್ಪಂಗಿಲ್ಲ.

ಓದೋ ತಾಯಂದಿರಿಗೆ ಒಂದು ಮಾತು, ಒಂದು ದಿನದ ಅಳತಿಯಿಂದ ಕೂಸು ಎಷ್ಟು ವೇಗದಾಗ ಬೆಳಿತದ ಅನ್ನೋದು ತಿಳಿಯಂಗಿಲ್ಲ. ಆರು ತಿಂಗಳಿಗೊಮ್ಮೆ ಅದೇ ಗ್ವಾಡಿಗೆ, ಮುಂಜಾನೆ ಹೊತ್ತಿನಾಗೇ (ಸಂಜಿಗೆ ಒಂದು ಸೆಂಟಿಮೀಟರ್ ತನಕ ಕಮ್ಮಿ ಬರ್ತದ), ಚಪ್ಪಲಿ ತೆಗೆದು ಜಡಿ ಬಿಚ್ಚಿ ಹಿಮ್ಮಡಿ ಗ್ವಾಡಿಗೆ ಹಚ್ಚಿ ನಿಲ್ಸಿ, ತಲಿ ಮ್ಯಾಲ ಪುಸ್ತಕ ಅಡ್ಡ ಇಟ್ಟು ಗೆರಿ ಹಾಕಿ ತಾರೀಖು ಬರೀರಿ. ನಾಕು ವರ್ಷ ಆದಮ್ಯಾಲ ವರ್ಷಕ್ಕ ಐದು ಸೆಂಟಿಮೀಟರ್ ಸೈತ ಬೆಳಿಲಿಲ್ಲಂದ್ರ, ಚಾರ್ಟಿನ ಗೆರಿ ಕೆಳಗ ಇಳ್ಯಾಕ ಹತ್ತಿದ್ರ, ಪದೇ ಪದೇ ಭೇದಿ, ಯಾವಾಗಲೂ ಸುಸ್ತು, ಮಲಬದ್ಧತೆ, ತಲಿನೋವಿನ ಜೊತಿಗೆ ವಾಂತಿ ಇದ್ರ ತಡ ಮಾಡಬ್ಯಾಡ್ರಿ, ಡಾಕ್ಟರ್ ಕಡಿ ಹೋಗ್ರಿ. ಹೆಣ್ಣುಮಕ್ಕಳೊಳಗ ಕೆಲವು ಹುಟ್ಟಿನಿಂದ ಬಂದ ತೊಂದ್ರಿ ಎತ್ತರ ಕಮ್ಮಿ ಆಗೋದ್ರಾಗಷ್ಟೇ ಕಾಣ್ತಾವ, ಹೆಣ್ಣೇ ಅಲ್ಲ ಬಿಡು, ಗಿಡ್ಡ ಇದ್ರ ಏನಾತು ಅನ್ನೋರಿಗೆ ಇದನ್ನ ಹೇಳಾಕೇ ಬೇಕು. ಎತ್ತರ ಮಾಡೋ ಇಂಜೆಕ್ಷನ್ ಅಂತ ಯಾರೋ ಹೇಳಿದ್ರ ಓಡಬ್ಯಾಡ್ರಿ, ಅದು ಕೆಲವೇ ಕಾಯಿಲೆಗೆ, ಪರೀಕ್ಷೆ ಮಾಡಿ ತಜ್ಞರೇ ಕೊಡೋದು.

ಈಗ ಆ ಕೂಸು ಮಂಚದ ಕೆಳಗ ಹೋಗೋದು ಬಿಟ್ಟದ, ಅವ್ವನ ಗಂಗಾಳದಾಗಿಂದೇ ಕಿತ್ಕೊಂಡು ತಿಂತದಂತ. ಆಯಿ ಅಂಗನವಾಡಿಗೆ ಸೊಸಿ ಜೊತಿ ಹೊಂಟಾರ, ದಿನಾ ಅಲ್ಲ. ಪುಣೆದಿಂದ ಗಂಡ ಇನ್ನೂ ಪೌಡರ್ ಡಬ್ಬಿ ಕಳಸ್ತಾನ, ಅವನ ಜೊತಿ ಮಾತಾಡೋದು ಇನ್ನೂ ಉಳದದ.